ಬೆಸ ಬೀಳುವ ಬೆಳಕು

ಹೊನ್ನರಗುಡ್ಡದ ಗಣಿಗೆ ಕಿವಿ ಬಂದು ಆರು ವರ್ಷವಾಗಿತ್ತು.

ಅದಕ್ಕೂ ಮೊದಲು ಬಂಡೆಯ ಸದ್ದು ಆಲಿಸುತ್ತಿದ್ದವರು ಮನುಷ್ಯರೇ. ಎರಡೂವರೆ ಕಿಲೋಮೀಟರ್ ಆಳದಲ್ಲಿ ಚಿನ್ನದ ಅದಿರು ಅಗೆಯುವಾಗ, ಮೇಲಿನ ಭಾರಕ್ಕೆ ಬಂಡೆ ಬಿಗಿದು ಬಿಗಿದು ಒಂದು ದಿನ ತಟ್ಟನೆ ಸಿಡಿಯುತ್ತದೆ. ಹುಲಿಗೆಮ್ಮನ ಅಪ್ಪ ಯಮನೂರಪ್ಪ ಮೂವತ್ತು ವರ್ಷ ಆ ಗಣಿಯಲ್ಲಿ ಕಬ್ಬಿಣದ ಸಲಾಕೆ ಹಿಡಿದು ನೆತ್ತಿಯ ಮೇಲಿನ ಕಲ್ಲು ಬಡಿದವನು. ಕಲ್ಲು ಗಂಟೆಯಂತೆ ದನಿಗೊಟ್ಟರೆ ಗಟ್ಟಿ, ಡಬ್ಬಿಯಂತೆ ಸದ್ದು ಮಾಡಿದರೆ ಟೊಳ್ಳು. ಅವನು "ಇಲ್ಲಿ ನಿಲ್ರಿ, ಅಲ್ಲಿ ಬ್ಯಾಡ" ಎಂದರೆ ಆ ಮಾತು ಬಹುತೇಕ ನಿಜವಾಗುತ್ತಿತ್ತು. ನಿಜವಾಗದ ಎರಡು ಸಲ ಒಟ್ಟು ಏಳು ಜನ ಸತ್ತಿದ್ದರು. ಆ ಏಳು ಹೆಸರನ್ನು ಅವನು ಈಗಲೂ ಒಂದೇ ಉಸಿರಿಗೆ ಹೇಳುತ್ತಿದ್ದ.

ಹೊಸ ಕಿವಿ ಬೆಳಕಿನದು. ಗಣಿಯಲ್ಲಿ ಇನ್ನೂ ಕೆಲಸ ನಡೆಯುತ್ತಿದ್ದ ಹದಿನಾಲ್ಕು ಲೆವೆಲ್ಲುಗಳಲ್ಲೂ, ಅಂದರೆ ಅಂತಸ್ತುಗಳಲ್ಲೂ, ಬಂಡೆಗೆ ತೂತು ಕೊರೆದು, ಕೂದಲಿಗಿಂತ ಸಣ್ಣ ಗಾಜಿನ ಎಳೆಗಳನ್ನು ಒಳಗೆ ಕೂರಿಸಿದ್ದರು. ಮೇಲಿನ ಕಂಟ್ರೋಲ್ ರೂಮಿನಿಂದ ಆ ಎಳೆಗಳಲ್ಲಿ ಬೆಳಕನ್ನು ಒಂದೊಂದೇ ಕಾಳಾಗಿ ಕಳಿಸುತ್ತಿದ್ದರು. ಫೋಟಾನ್ ಎನ್ನುವುದು ಪುಸ್ತಕದ ಹೆಸರು. ಗಣಿಯವರ ಬಾಯಲ್ಲಿ ಅದು ಕಾಳು. ಸಾಮಾನ್ಯ ಬೆಳಕಿನಲ್ಲಿ ಕಾಳುಗಳು ಹೇಗೆಂದರೆ ಹಾಗೆ ಗುಂಪುಗುಂಪಾಗಿ ಬರುತ್ತವೆ, ಆ ಗದ್ದಲದಲ್ಲಿ ಬಂಡೆಯ ಅತಿ ಸಣ್ಣ ಬಿರುಕಿನ ಸದ್ದು ಮುಳುಗಿಹೋಗುತ್ತದೆ. ಶಿಸ್ತಾಗಿ ಒಂದೊಂದೇ ಹೊರಟ ಕಾಳುಗಳಿಗೆ ಆ ಗದ್ದಲವಿಲ್ಲ. ಬಂಡೆ ಒಂದು ಕೂದಲೆಳೆಯ ಸಾವಿರದಲ್ಲಿ ಒಂದು ಪಾಲು ಅಲುಗಿದರೂ ಅವು ಆ ಸುದ್ದಿ ಹೊತ್ತು ಹಿಂದಿರುಗುತ್ತವೆ.

ಆದರೆ ಒಂದು ತೊಡಕಿತ್ತು. ಯಂತ್ರ ಸುಮ್ಮನಿದೆ ಎಂದರೆ ಬಂಡೆ ಸುಮ್ಮನಿದೆಯೋ, ಕಿವಿಯೇ ಕಿವುಡಾಗಿದೆಯೋ? ಇದನ್ನು ತಿಳಿಯಲು ಒಂದು ನಕ್ಷೆ ಇತ್ತು. ನೋಡಲು ಅದು ಸಂಭವನೀಯತೆಯ ನಕ್ಷೆಯ ಹಾಗೆಯೇ. ಆದರೆ ಪೂರ್ತಿ ಅದಲ್ಲ. ನಾಳೆ ಮಳೆ ಬರುವ ಸಂಭವ ನೂರಕ್ಕೆ ಅರವತ್ತು ಎನ್ನಬಹುದು, ಸೊನ್ನೆ ಎನ್ನಬಹುದು, ಸೊನ್ನೆಗಿಂತ ಕಡಿಮೆ ಎನ್ನಲು ಬರುವುದಿಲ್ಲ. ಈ ನಕ್ಷೆಯಲ್ಲಿ ಮಾತ್ರ ಬೆಲೆ ಸೊನ್ನೆಗಿಂತ ಕೆಳಗಿಳಿಯಬಲ್ಲುದು; ಅದಕ್ಕೇ ವಿಜ್ಞಾನಿಗಳು ಇದಕ್ಕೆ ಅರೆಸಂಭವನೀಯತೆ ಎಂದರು. ಬಿಸಿಲಿಗಾಗಲಿ, ಬಲ್ಬಿಗಾಗಲಿ, ಲೇಸರಿಗಾಗಲಿ ನಕ್ಷೆ ಎಂದೂ ಸೊನ್ನೆಯ ಕೆಳಗೆ ಹೋಗದು. ಒಂದೊಂದೇ ಕಾಳಾಗಿ ಬಂದ ಬೆಳಕಿಗೆ ಮಾತ್ರ ನಟ್ಟನಡುವೆ ಗುಂಡಿ ಬೀಳುತ್ತದೆ. ಪರದೆಯ ಮೇಲೆ ಅದು ನೀಲಿ. ನೀಲಿ ಗುಂಡಿ ಇದ್ದರೆ ಕಿವಿ ಎಚ್ಚರವಾಗಿದೆ. ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಳು ಕಳೆದುಹೋದರೆ ಗುಂಡಿ ತುಂಬಿಕೊಳ್ಳುತ್ತದೆ, ಬೆಳಕು ಸಾಧಾರಣವಾಗುತ್ತದೆ, ಕಿವಿ ಮುಚ್ಚುತ್ತದೆ.

ಹುಲಿಗೆಮ್ಮನ ಕೆಲಸ ಈ ಗುಂಡಿಯನ್ನು ಕಾಯುವುದು. ಮೂವತ್ತಾರರ ಹೆಂಗಸು, ಲಿಂಗಸುಗೂರಿನಲ್ಲಿ ಬಿಎಸ್ಸಿ ಓದಿದವಳು, ಬೆಳಗಿನ ಪಾಳಿಯ ಆಪರೇಟರ್. ಆರು ಗಂಟೆಗೆ ಆಳುಗಳನ್ನು ಹೊತ್ತ ಕೇಜು ಇಳಿಯುವ ಮೊದಲು ಕೇಳಿಕೆ ಪುಸ್ತಕದಲ್ಲಿ ಪ್ರತಿ ಲೆವೆಲ್ಲಿನ ಎದುರಿಗೆ ಅವಳ ಸಹಿ ಬೀಳಬೇಕು. ಸಹಿ ಇಲ್ಲದ ಲೆವೆಲ್ಲಿಗೆ ಆಳು ಇಳಿಯುವಂತಿಲ್ಲ. ಅವಳ ಗಂಡ ಮೌನೇಶ ಇಪ್ಪತ್ಮೂರನೇ ಲೆವೆಲ್ಲಿನ ಡ್ರಿಲ್ಲರ್. ಹಾಗಾಗಿ ದಿನವೂ ಅವಳು ಗಂಡನ ಹೆಸರಿಗೂ ಸೇರಿಸಿಯೇ ಸಹಿ ಹಾಕುತ್ತಿದ್ದಳು.

ಆ ವರ್ಷ ಕೆಳಗೆ ನೀರಿನ ಜಿನುಗು ಹೆಚ್ಚಾಗಿ, ಗಾಜಿನ ಎಳೆಗಳ ಜಾಯಿಂಟು ನೆಂದು ಕಾಳು ಸೋರಿ, ನಕ್ಷೆಯ ಗುಂಡಿ ಮೇಲಿಂದ ಮೇಲೆ ತುಂಬಿ, ತಿಂಗಳಲ್ಲಿ ಒಂಬತ್ತು ದಿನ ಕೆಲಸ ನಿಂತಿತು. ಹೆಡ್ಡಾಫೀಸು ಗೊಣಗಿತು. ಕೊನೆಗೆ ಅಲ್ಲಿಂದ ಸಾಫ್ಟ್‌ವೇರಿನ ಒಂದು ತಿದ್ದುಪಡಿ ಬಂತು. ಕಂಟ್ರೋಲ್ ರೂಮಿನ ಮುಖ್ಯಸ್ಥ ಖಾಜಾಹುಸೇನ ಸಾಹೇಬರು ಅದನ್ನು ಹಾಕುತ್ತ, "ದಾರಿಯೊಳಗ ಕಾಳು ಕಳೆದ್ರ ಬೆಳಕಿಂದೇನ್ ತಪ್ಪಮ್ಮ? ಎಷ್ಟು ಕಳೆದಾವ ಅಂತ ಇದೇ ಹುಡುಕಿ, ಲೆಕ್ಕದೊಳಗ ವಾಪಸ್ ಸೇರಸ್ತೈತಂತ" ಎಂದಿದ್ದರು. ಅಂದಿನಿಂದ ಗುಂಡಿ ಒಮ್ಮೆಯೂ ತುಂಬಲಿಲ್ಲ. ನಲವತ್ತು ದಿನ ಒಂದು ಪಾಳಿಯೂ ತಪ್ಪಲಿಲ್ಲ. ಎಲ್ಲರೂ ನಿರಾಳವಾದರು. ಹುಲಿಗೆಮ್ಮನೂ ನಿರಾಳವಾದಳು ಎನ್ನಬೇಕು.

ನಲವತ್ತೊಂದನೆಯ ದಿನ, ಗುರುವಾರ, ಪಾಳಿ ಮುಗಿಸಿ ಬಂದ ಮೌನೇಶ ಹಿತ್ತಲಲ್ಲಿ ಕೈಕಾಲು ತೊಳೆಯುತ್ತ ಹೇಳಿದ: "ನಿನ್ನ ಕಿವಿ ಪೆಟಗಿ ಮ್ಯಾಲೆ ನೀರು ತೊಟಕತೈತಿ ಹುಲಿಗಿ. ಜಾಯಿಂಟು ಹಸರು ತಿರುಗೈತಿ. ನಾನ ಒಂದು ಪ್ಲಾಸ್ಟಿಕ್ ಹಾಳಿ ಹೊಚ್ಚಿ ಬಂದೀನಿ."

"ಯಾವಾಗಿನಿಂದ?"

"ಹದಿನೈದು ದಿನ ಆತು ನೋಡು. ಯಾಕ, ನಿಮಗ ಮ್ಯಾಲೆ ಗೊತ್ತಾಗಿಲ್ಲೇನು?"

ಗೊತ್ತಾಗಿರಲಿಲ್ಲ. ಬೆಳಿಗ್ಗೆ ಇಪ್ಪತ್ಮೂರರ ಗುಂಡಿಯ ಆಳ ಮೈನಸ್ ಸೊನ್ನೆ ಪಾಯಿಂಟ್ ಆರು ಎರಡು ಇತ್ತು. ನಿನ್ನೆಯೂ ಅಷ್ಟೇ. ಹುಲಿಗೆಮ್ಮ ಚಹಾದ ಬಟ್ಟಲು ಕೆಳಗಿಟ್ಟಳು. ಜಾಯಿಂಟು ಹಸಿರು ತಿರುಗುವಷ್ಟು ನೆಂದರೆ ಗುಂಡಿ ಸ್ವಲ್ಪವಾದರೂ ಮೇಲೆ ಬರಬೇಕಲ್ಲ?

ಅವಳು ಚಪ್ಪಲಿ ಮೆಟ್ಟಿಕೊಂಡು ಮತ್ತೆ ಕಂಟ್ರೋಲ್ ರೂಮಿಗೆ ಹೋದಳು. ಮಧ್ಯಾಹ್ನದ ಪಾಳಿಯವರು ತಮ್ಮ ಪಾಡಿಗೆ ಇದ್ದರು. ಮೂಲೆಯ ಕಂಪ್ಯೂಟರಿನಲ್ಲಿ ಇಪ್ಪತ್ಮೂರರ ನಲವತ್ತು ದಿನದ ಅಂಕಿ ತೆಗೆದು ನೋಡಿದಳು. ಆರು ಎರಡು, ಆರು ಒಂದು, ಆರು ಎರಡು. ಒಣ ದಿನವೂ ಅದೇ, ನೀರು ಬಿದ್ದ ದಿನವೂ ಅದೇ. ಹದಿನಾಲ್ಕು ಲೆವೆಲ್ಲಿಗೂ ಅದೇ. ಬದುಕಿರುವ ಯಾವುದೂ ಇಷ್ಟು ಒಂದೇ ಸಮ ಇರುವುದಿಲ್ಲ.

ಯಂತ್ರ ತಿದ್ದುವ ಮೊದಲಿನ ಹಸಿ ಎಣಿಕೆ ಕಂಪ್ಯೂಟರಿನಲ್ಲಿ ಏಳು ದಿನ ಉಳಿದಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ತೆಗೆದು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಗುಂಡಿಯ ನಡುಬಿಂದುವಿನ ಲೆಕ್ಕ ದೊಡ್ಡದೇನಲ್ಲ, ತರಬೇತಿಯಲ್ಲಿ ಮೊದಲ ದಿನವೇ ಕಲಿಸಿದ್ದರು. ಪ್ರತಿ ಸಲ ಎಷ್ಟು ಕಾಳು ಬಂದವೆಂದು ಎಣಿಸು. ಸರಿಸಂಖ್ಯೆಯಾದರೆ ಒಂದು ಕೂಡಿಸು, ಬೆಸವಾದರೆ ಒಂದು ಕಳೆ. ಕಾಳೇ ಬರದಿದ್ದರೆ ಸೊನ್ನೆ, ಅದೂ ಸರಿ. ಕೊನೆಗೆ ಸರಾಸರಿ ತೆಗೆ. ಅದು ಮೈನಸ್ ಬಂದರೆ ಗುಂಡಿ ಇದೆ.

ಹತ್ತೊಂಬತ್ತನೇ ಲೆವೆಲ್ಲು: ಹತ್ತು ಸಾವಿರ ಸಲದಲ್ಲಿ ಬೆಸ ಏಳು ಸಾವಿರದ ನಾನೂರ ಇಪ್ಪತ್ತು. ಮೈನಸ್. ಚೆನ್ನಾಗಿದೆ.

ಇಪ್ಪತ್ಮೂರು: ಬೆಸ ಮೂರು ಸಾವಿರದ ನೂರ ಎಪ್ಪತ್ತು. ಸರಿ ಆರು ಸಾವಿರದ ಎಂಟುನೂರ ಮೂವತ್ತು. ಪ್ಲಸ್ ಸೊನ್ನೆ ಪಾಯಿಂಟ್ ಮೂರು ಏಳು.

ಅವಳು ಇನ್ನೊಮ್ಮೆ ಕೂಡಿಸಿದಳು. ಪ್ಲಸ್ಸೇ. ಗುಂಡಿ ಇರಬೇಕಾದಲ್ಲಿ ದಿನ್ನೆ ಇತ್ತು. ಅವಳ ಗಂಡ ಏಳು ದಿನದಿಂದಲಾದರೂ ಕಿವುಡು ಯಂತ್ರದ ಕೆಳಗೆ ಡ್ರಿಲ್ ಹಿಡಿದು ನಿಂತಿದ್ದ, ಮತ್ತು ಅದಕ್ಕೆ ಅವಳೇ ದಿನವೂ ಸಹಿ ಹಾಕಿದ್ದಳು.

ಮನೆಯಲ್ಲಿ ಮೌನೇಶ ಪಾಳಿಯ ದಣಿವಿಗೆ ಮಲಗಿಬಿಟ್ಟಿದ್ದ; ಯಮನೂರಪ್ಪ ಪಡಸಾಲೆಯಲ್ಲಿ ಹುಣಸೆಹಣ್ಣು ರಾಶಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದ. ಹುಲಿಗೆಮ್ಮ ಎದುರಿಗೆ ಕುಕ್ಕರಗಾಲಲ್ಲಿ ಕೂತು ಬೀಜಗಳನ್ನೇ ಹಿಡಿದು ಅಪ್ಪನಿಗೆ ಹೇಳತೊಡಗಿದಳು. ತಾನು ತಪ್ಪಾಗಿ ತಿಳಿದಿದ್ದೇನೋ ಎಂಬ ಅನುಮಾನ ಅವಳಿಗಿನ್ನೂ ಇತ್ತು. ಬಾಯಿಬಿಟ್ಟು ಹೇಳಿದರೆ ಗೊತ್ತಾಗುತ್ತದೆ.

"ನೋಡಪ್ಪ, ಇಲ್ಲಿಂದ ಒಂದೊಂದ ಬೀಜ ಕಳಸ್ತೀನಿ. ಮುಟ್ಟಿದ್ರ ಒಂದು, ಬೆಸ. ದಾರ್‍ಯಾಗ ಬಿದ್ರ ಸೊನ್ನಿ, ಸರಿ. ಬೆಸ ಹೆಚ್ಚು ಬಿದ್ರ ಕಿವಿ ಕೇಳತೈತಿ. ಸರಿ ಹೆಚ್ಚು ಬಿದ್ರ ಕೇಳಂಗಿಲ್ಲ. ಈಗ ಹೊಸಾ ಲೆಕ್ಕ ಏನ್ ಮಾಡತೈತಿ ಅಂದ್ರ, ಬಿದ್ದ ಬೀಜ ಎಷ್ಟು ಅಂತ ತಾನ ಅಂದಾಜು ಮಾಡಿ, ಎಲ್ಲಾ ಮುಟ್ಟ್ಯಾವ ಅನ್ನೋ ಹಂಗ ತಿದ್ದತೈತಿ."

ಯಮನೂರಪ್ಪ ಬೀಜ ಬಿಡಿಸುವುದನ್ನು ನಿಲ್ಲಿಸಿದ. "ಬಂಡಿಗಲ್ಲಿನ ಸುದ್ದಿ ತರೋದು ಆ ಬೀಜನ ಹೌದಿಲ್ಲೋ?"

"ಹೌದು."

"ಬಿದ್ದ ಬೀಜದ ಕೂಡ ಸುದ್ದೀನೂ ಬಿತ್ತಲ್ಲವ್ವಾ. ಎಣಿಕಿ ವಾಪಸ್ ಸೇರಿಸಿದ್ರ ಸುದ್ದಿ ಹೆಂಗ ವಾಪಸ್ ಬರತೈತಿ?"

ಅವಳು ಅಪ್ಪನ ಮುಖ ನೋಡಿದಳು. ಮೂರು ತಿಂಗಳ ತರಬೇತಿ, ಹೆಡ್ಡಾಫೀಸಿನ ಹನ್ನೆರಡು ಪುಟದ ಟಿಪ್ಪಣಿ, ಎಲ್ಲದರಲ್ಲೂ ತಪ್ಪಿಹೋಗಿದ್ದ ಪ್ರಶ್ನೆ ಇದೊಂದೇ. "ಬರಂಗಿಲ್ಲಪ್ಪ," ಎಂದಳು.

ಅಂದೇ ಅವಳು ಖಾಜಾ ಸಾಹೇಬರಿಗೆ ಫೋನಿನಲ್ಲಿ ವಿಷಯ ತಿಳಿಸಿದಳು. ಶುಕ್ರವಾರ ಇಪ್ಪತ್ಮೂರರಲ್ಲಿ ಹಳಿ ದುರಸ್ತಿಯ ರಜೆ, ಆಳು ಇಳಿಯುವುದಿರಲಿಲ್ಲ. ಬೆಳಿಗ್ಗೆ ಖಾಜಾ ಸಾಹೇಬರು ನೋಟ್‌ಬುಕ್ಕು ತಿರುವಿ ತಿರುವಿ ನೋಡಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಎಲ್ಲರಿಗೂ ಬೇಕಾದ ಮನುಷ್ಯ. "ಲೆಕ್ಕ ತಪ್ಪಿಲ್ಲ ಬೇಟಿ," ಎಂದರು ನಿಧಾನವಾಗಿ. "ಆದ್ರ ಇದು ನಂದೂ ಅಲ್ಲ, ನಿಂದೂ ಅಲ್ಲ. ಮ್ಯಾನೇಜರ್ ಹತ್ರ ನಡಿ."

ಗಣಿಯ ಮ್ಯಾನೇಜರ್ ಪ್ರಹ್ಲಾದ ಗುಡಿಹಾಳ ಅವಳ ಮಾತನ್ನು ಕೇಳಲಿಲ್ಲ ಎನ್ನುವಂತಿಲ್ಲ. ಕೂರಿಸಿ, ನೀರು ಕೊಟ್ಟು ಕೇಳಿದರು. ಆಮೇಲೆ ಹೇಳಿದರು: "ನೋಡ್ರಿ ಹುಲಿಗೆಮ್ಮ, ನಷ್ಟ ಲೆಕ್ಕ ಹಾಕಿ ತಿದ್ದೋದು ಪ್ರಪಂಚದಾಗ ಎಲ್ಲಾ ಲ್ಯಾಬಿನಾಗೂ ಮಾಡ್ತಾರ. ಅದು ಮೋಸ ಅಲ್ಲ, ಒಪ್ಪಿದ ಗಣಿತ. ದೊಡ್ಡ ದೊಡ್ಡ ಡಾಕ್ಟರೇಟ್ ಮಾಡಿದವರು ಬರದಾರ."

"ಹೌದ್ರಿ ಸರ, ಗಣಿತ ಖರೇನ. ಇಲ್ಲಿಂದ ಹೊಂಟ ಬೆಳಕು ಹೆಂಗಿತ್ತು ಅಂತ ತಿಳಿಯಾಕ ಅದು ಬರೋಬ್ಬರಿ. ನಮಗ ಬೇಕಾಗಿದ್ದು ಹೊಂಟಿದ್ದಲ್ಲರಿ, ಬಂದು ಮುಟ್ಟಿದ್ದು."

"ಹೆಡ್ಡಾಫೀಸಿಗೆ ಬರೀತೀನಿ. ಅಲ್ಲೀ ತನಕ ಪರದೆ ಏನ್ ತೋರಿಸ್ತದೋ ಅದಕ್ಕ ಸಹಿ ಮಾಡ್ರಿ. ನಿಮ್ಮ ಕೆಲಸ ಅಷ್ಟ."

ಅವಳು ಎದ್ದು ಬಂದಳು. ಅಳು ಬರಲಿಲ್ಲ, ಸಿಟ್ಟೂ ಬಹಳ ಹೊತ್ತು ನಿಲ್ಲಲಿಲ್ಲ. ಅಂದು ಇಡೀ ದಿನ ಕೂತು ಉಳಿದ ಹನ್ನೆರಡು ಲೆವೆಲ್ಲಿನ ಹಸಿ ಎಣಿಕೆಯನ್ನೂ ಇಳಿಸಿದಳು. ಹದಿನಾಲ್ಕರಲ್ಲಿ ಐದು ಕಡೆ ಪ್ಲಸ್ ಬಂತು. ಇಪ್ಪತ್ಮೂರರದೇ ಎಲ್ಲಕ್ಕಿಂತ ಹೆಚ್ಚು.

ಶನಿವಾರ ಬೆಳಿಗ್ಗೆ ಅವಳು ಒಂಬತ್ತು ಲೆವೆಲ್ಲಿಗೆ ಸಹಿ ಹಾಕಿ, ಐದನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದಳು.

ಕೇಜು ಇಳಿಯುವ ಶಾಫ್ಟಿನ ಬಾಯಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ನಿಂತುಬಿಟ್ಟರು. ತಿದ್ದುಪಡಿಯ ಮೊದಲು ಇಂಥ ದಿನಗಳನ್ನು ಕಂಡವರೇ, ಆದರೂ ನಲವತ್ತು ದಿನ ಸಲೀಸಾಗಿ ಹೋದದ್ದು ಎಲ್ಲರಿಗೂ ರೂಢಿಯಾಗಿತ್ತು. "ಪರದೆ ಮ್ಯಾಲೆ ನೀಲಿ ಕಾಣಾಕತ್ತೈತಿ, ಈಕಿ ಯಾಕ ಬಿಡವಲ್ಲಳು?" ಎಂದು ಯಾರೋ ಕೂಗಿದರು. "ಗಂಡನ್ನ ಮನ್ಯಾಗ ಇಟ್ಕೋಬೇಕಾಗೈತೇನೋ!" ಎಂದು ಇನ್ನೊಬ್ಬ. ನಗು ಎದ್ದಿತು. ಮೌನೇಶ ಗುಂಪು ಸೀಳಿಕೊಂಡು ಕಂಟ್ರೋಲ್ ರೂಮಿನ ಕಿಟಕಿಗೆ ಬಂದ. ಮುಖ ಕೆಂಪಗಿತ್ತು.

"ಮನಿಯೊಳಗ ಹೇಳಬಾರದಾಗಿತ್ತೇನು? ಎಲ್ಲಾರ ಮುಂದ ಹಿಂಗ..."

"ಹೇಳಿದ್ರ ನೀವೊಬ್ಬರ ನಿಲ್ಲತಿದ್ರಿ. ಉಳಿದವರು ಇಳೀತಿದ್ರು," ಎಂದಳು ಹುಲಿಗೆಮ್ಮ. "ಹಸರು ತಿರುಗಿದ್ದು ನೀವ ನೋಡೀರಲ್ಲ? ಅದನ್ನ ಅವರಿಗೆ ಹೇಳ್ರಿ."

ಮೌನೇಶ ಗುಂಪಿನತ್ತ ತಿರುಗಿ ಹೋಗಿ ಹೇಳಿದ. ಮಾತು ಬಾರದ ಮನುಷ್ಯ. ಹೇಳಿದ್ದು ನಾಲ್ಕೇ ವಾಕ್ಯ. ಆದರೆ ನಗು ನಿಂತಿತು.

ಅಷ್ಟರಲ್ಲಿ ಗುಡಿಹಾಳ ಸಾಹೇಬರ ಜೀಪು ಬಂತು. ಅವರು ಒಳಗೆ ಬಂದವರೇ ಪುಸ್ತಕ ತೆರೆದು ಖಾಲಿ ಜಾಗ ನೋಡಿದರು. "ಇದರ ಅರ್ಥ ಏನು? ಎದುರಿಗೆ ಗುಂಡಿ ಕಾಣ್ತದ, ಸಹಿ ಇಲ್ಲ?"

"ಸರ, ಹತ್ತು ನಿಮಿಷ ಕೊಡ್ರಿ. ಯಂತ್ರದ ಮುಂದ ಒಂದು ಪರೀಕ್ಷೆ ಮಾಡಿ ತೋರಸ್ತೀನಿ. ನಂದು ತಪ್ಪಂದ್ರ ಐದಕ್ಕೂ ಸಹಿ ಹಾಕಿ ಮನಿಗೆ ಹೋಗ್ತೀನಿ, ನಾಳಿಂದ ಬರಂಗಿಲ್ಲ."

ಖಾಜಾ ಸಾಹೇಬರು ಕುರ್ಚಿಯಿಂದ ಎದ್ದರು. "ಕೊಡ್ರಿ ಸರ. ಇಪ್ಪತ್ತು ನಿಮಿಷ ಹೆಂಗೂ ಹೋಗ್ಯಾವ." ಅವರು ಮ್ಯಾನೇಜರಿಗೆ ಎದುರು ಮಾತಾಡಿದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ.

ಹುಲಿಗೆಮ್ಮ ಕಿಟಕಿಯಿಂದ ಕೈ ಚಾಚಿ ಮೌನೇಶನ ಟೋಪಿ ದೀಪ ಇಸಿದುಕೊಂಡಳು. ಅದರ ಬಾಯಿಗೆ ಕಪ್ಪು ಕಾಗದ ಕಟ್ಟಿ, ಸೀರೆಯ ಪಿನ್ನು ತೆಗೆದು ಒಂದು ತೂತು ಮಾಡಿದಳು. ಕಾಳು ಎಣಿಸುವ ಪೆಟ್ಟಿಗೆಯಿಂದ ಇಪ್ಪತ್ಮೂರನೇ ಲೆವೆಲ್ಲಿನ ಗಾಜಿನ ಎಳೆ ಕಳಚಿ, ಆ ಜಾಗಕ್ಕೆ ದೀಪವನ್ನು ಹಿಡಿದು, ನಡುವೆ ಒಂದರ ಮೇಲೊಂದು ಬೆಳಕು ತಗ್ಗಿಸುವ ಮಸಿಗಾಜು ಇಟ್ಟಳು. ಎಣಿಕೆ ಇಳಿಯುತ್ತ ಇಳಿಯುತ್ತ, ಎಂದೋ ಒಮ್ಮೆ ಒಂದು ಕಾಳು ಎನ್ನುವಷ್ಟಾಯಿತು. ದೀಪ ಅಲುಗದಂತೆ ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದಳು.

"ಇದು ಬರೇ ಬಲ್ಬು ಸರ. ಇದಕ್ಕ ಗುಂಡಿ ಬೀಳಾಕ ಸಾಧ್ಯನ ಇಲ್ಲ. ನೀವೂ ಓದೀರಿ, ಹೌದಿಲ್ಲೋ?"

"ಹೌದು. ಬೀಳಬಾರದು."

"ಹಸಿ ಎಣಿಕಿ ನೋಡ್ರಿ. ಹತ್ತು ಸಾವಿರದೊಳಗ ಬೆಸ ಒಂಬೈನೂರ ಚಿಲ್ಲರ. ಉಳಿದಿದ್ದೆಲ್ಲಾ ಸರಿ. ದೊಡ್ಡ ಪ್ಲಸ್. ಈಗ ಪರದಿ ನೋಡ್ರಿ."

ಪರದೆಯ ಮೇಲೆ ನಕ್ಷೆ ತುಸು ಹೊತ್ತು ಮಬ್ಬಾಗಿತ್ತು. ತಿದ್ದುಪಡಿ ತನ್ನ ಕೆಲಸ ಶುರುಮಾಡಿತು. ಬರದ ಕಾಳುಗಳೆಲ್ಲ ದಾರಿಯಲ್ಲಿ ಕಳೆದವೆಂದು ಬಗೆದು, ಒಂದೊಂದನ್ನೂ ವಾಪಸು ಸೇರಿಸಿತು. ನಕ್ಷೆಯ ನಟ್ಟನಡುವೆ ನೀಲಿ ಮೂಡಿತು, ಗಾಢವಾಯಿತು, ಗುಂಡಿಯಾಯಿತು. ಕೆಳಗೆ ಅಂಕಿ ಬಂತು: ಮೈನಸ್ ಸೊನ್ನೆ ಪಾಯಿಂಟ್ ಆರು ಎರಡು. ಅದರ ಪಕ್ಕ ಹಸಿರು ಅಕ್ಷರದಲ್ಲಿ: ಇಪ್ಪತ್ಮೂರನೇ ಲೆವೆಲ್, ಕೇಳಿಕೆ ಉತ್ತಮ.

ಕಿಟಕಿಗೆ ಮುಖ ಹಚ್ಚಿ ನಿಂತಿದ್ದ ಒಬ್ಬ ಮುದಿ ಡ್ರಿಲ್ಲರ್, "ನನ್ನ ತೆಲಿ ಮ್ಯಾಲಿನ ದೀಪಾನೂ ಬಂಡಿ ಸದ್ದು ಕೇಳತೈತೇನ್ಲೇ?" ಎಂದ.

ಗುಡಿಹಾಳ ಸಾಹೇಬರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. "ಎಷ್ಟು ಲೆವೆಲ್ಲು ಅಂದ್ರಿ?"

"ಐದು."

"ಐದೂ ಬಂದ್ ಮಾಡ್ರಿ. ಖಾಜಾ ಸಾಹೇಬ್ರ, ಆ ತಿದ್ದುಪಡಿ ತಗದು ಒಗೀರಿ. ಹೆಡ್ಡಾಫೀಸಿಗೆ ನಾ ಹೇಳ್ತೀನಿ." ಬಾಗಿಲ ತನಕ ಹೋಗಿ ತಿರುಗಿದರು. "ನಿನ್ನೆ ನೀವು ಹೇಳಿದಾಗ ನಾ ಕೇಳಬೇಕಿತ್ತು."

ಕಿವಿ ರಿಪೇರಿಯಾಗಬೇಕೆಂದರೆ ಯಾರಾದರೂ ಕಿವಿಯಿಲ್ಲದ ಲೆವೆಲ್ಲಿಗೆ ಇಳಿಯಲೇಬೇಕು. ನಾಲ್ಕು ಲೆವೆಲ್ಲಿನ ಜಾಯಿಂಟುಗಳು ಕೇಜಿನ ಹತ್ತಿರವೇ ಇದ್ದವು, ವಾರದಲ್ಲಿ ಮುಗಿದವು. ಇಪ್ಪತ್ಮೂರರದು ಮಾತ್ರ ಪಶ್ಚಿಮದ ಸುರಂಗದ ಕೊನೆಯಲ್ಲಿ, ಮುನ್ನೂರು ಮೀಟರ್ ಒಳಗೆ. ಆರು ಜನ ಬೇಕಿತ್ತು. ಪೆಟ್ಟಿಗೆ ಎಲ್ಲಿದೆ, ನೀರು ಎಲ್ಲಿಂದ ಬರುತ್ತದೆ ಎಂದು ಗೊತ್ತಿದ್ದವನು ಮೌನೇಶ. ಅವನು ತಾನೇ ಹೆಸರು ಕೊಟ್ಟ. ಹುಲಿಗೆಮ್ಮ ಬೇಡ ಎನ್ನಲಿಲ್ಲ. ಬೇರೆ ಯಾರ ಗಂಡನನ್ನು ಕಳಿಸಬೇಕು?

ಹೋಗುವ ಮುಂಜಾನೆ ಯಮನೂರಪ್ಪ ಅಟ್ಟದಿಂದ ತನ್ನ ಸಲಾಕೆ ಇಳಿಸಿದ. ತುಕ್ಕು ಹಿಡಿದಿತ್ತು, ಬೂದಿ ಹಾಕಿ ಉಜ್ಜಿದ. ಅಳಿಯನನ್ನು ಅಂಗಳದ ಕಟ್ಟೆಯ ಹತ್ತಿರ ನಿಲ್ಲಿಸಿ ಬಡಿದು ತೋರಿಸಿದ. "ಜೋರ ಬಡೀಬ್ಯಾಡ. ಬಡದು ಕೈ ಸಡಿಲ ಬಿಡು. ಸದ್ದು ಕಿವಿಗೆ ಬರೂ ಮೊದಲ ಅಂಗೈಗೆ ಬರತೈತಿ. ಅಂಗೈ ಒಪ್ಪಲಿಲ್ಲಂದ್ರ ಹೆಜ್ಜಿ ಹಿಂದಕ್ಕ. ನಾಚಬ್ಯಾಡ, ಓಡಿ ಬಾ."

"ಆತ್ರಿ ಮಾವ."

"ನಂದೂ ಎರಡು ಸಲ ತಪ್ಪೈತಿ," ಎಂದ ಮುದುಕ. "ಅದು ನೆನಪಿರಲಿ."

ಆರು ಜನ ದಿನಕ್ಕೆ ಎರಡೇ ತಾಸು ಇಳಿದು, ಹತ್ತು ಹೆಜ್ಜೆಗೊಮ್ಮೆ ನೆತ್ತಿ ಬಡಿಯುತ್ತ ಒಳಗೆ ಹೋಗಿ, ಹಳೆ ಜಾಯಿಂಟು ಕತ್ತರಿಸಿ, ಒಣಗಿಸಿ, ಹೊಸದು ಬೆಸೆದರು. ಆ ಎರಡು ತಾಸು ಹುಲಿಗೆಮ್ಮ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಪರದೆಯ ಮುಂದೆ ನಿಂತು ಹಸಿ ಎಣಿಕೆಯ ಸರಾಸರಿಯನ್ನು ನಿಮಿಷ ನಿಮಿಷಕ್ಕೂ ಬರೆಯುತ್ತಿದ್ದಳು. ಸೊನ್ನೆ ಪಾಯಿಂಟ್ ಎಂದು ಬರೆಯುವ ಪುರಸೊತ್ತಿಲ್ಲ, ಮುಂದಿನ ಅಂಕಿಗಳಷ್ಟೇ: ಮೊದಲ ದಿನ ಪ್ಲಸ್ ಮೂರು ನಾಲ್ಕು. ಎರಡನೆಯ ದಿನ ಪ್ಲಸ್ ಎರಡು ಸೊನ್ನೆ. ಮೂರನೆಯ ದಿನ ಪ್ಲಸ್ ಸೊನ್ನೆ ಏಳು. ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಕೆಳಗಿನ ಫೋನು ಬಂತು.

"ಕಡೀ ಜಾಯಿಂಟು ಕೂಡಸ್ತೀವಿ," ಎಂದ ಮೌನೇಶ. "ನೋಡು."

ಅಂಕಿ ಕುಣಿದಾಡಿತು. ಪ್ಲಸ್ ಸೊನ್ನೆ ಮೂರು. ಸೊನ್ನೆ. ಮೈನಸ್ ಸೊನ್ನೆ ಎಂಟು. ಅಲ್ಲಿಂದ ಇಳಿದು ಮೈನಸ್ ಎರಡು ಒಂದರಲ್ಲಿ ನಿಂತಿತು. ತಿದ್ದಿದ ಗುಂಡಿಯಷ್ಟು ಆಳವೂ ಅಲ್ಲ, ಅಷ್ಟು ನುಣುಪೂ ಅಲ್ಲ. ಅಂಚು ಮಾಸಿದ, ಅಲ್ಲಲ್ಲಿ ನಡುಗುವ ತೆಳು ನೀಲಿ. ಆದರೆ ನಿಜವಾದದ್ದು. ಖಾಜಾ ಸಾಹೇಬರು "ಶುಕ್ರ್ ಹೈ, ದೇವರು ದೊಡ್ಡಾಂವ" ಎಂದರು.

ಹುಲಿಗೆಮ್ಮ ನಗಲು ಬಾಯಿ ತೆರೆದಳು. ಅಷ್ಟರಲ್ಲಿ ಕಣ್ಣು ಪಕ್ಕಕ್ಕೆ ಹೋಯಿತು. ಪಕ್ಕದ ಪರದೆಯಲ್ಲಿ, ಇಷ್ಟು ದಿನ ಚಪ್ಪಟೆಯಾಗಿ ಹರಿಯುತ್ತಿದ್ದ ಇಪ್ಪತ್ಮೂರರ ಸದ್ದಿನ ಗೆರೆ ಮುಳ್ಳುಮುಳ್ಳಾಗಿ ಎದ್ದಿತ್ತು. ಒಂದು, ಮೂರು, ಏಳು. ನಿಮಿಷಕ್ಕೆ ಹದಿನೈದು ಬಿರುಕು. ಬಂಡೆ ಈಗಷ್ಟೇ ಶುರುಮಾಡಿದ್ದಲ್ಲ, ಎಷ್ಟೋ ದಿನದಿಂದ ಹೇಳುತ್ತಲೇ ಇದ್ದದ್ದು ಈಗ ಕೇಳಿಸಿತು.

ಅವಳ ಅಂಗೈ ಸೈರನ್ನಿನ ಬಟನ್ನಿನ ಮೇಲೆ ಬಿತ್ತು. ಇನ್ನೊಂದು ಕೈಯಲ್ಲಿ ಫೋನು. "ಸಾಮಾನು ಬಿಡ್ರಿ. ಎಲ್ಲಾ ಬಿಡ್ರಿ. ಕೇಜಿಗೆ ಓಡ್ರಿ."

"ಡ್ರಿಲ್ಲು, ಬೆಸುಗಿ ಮಶೀನು..."

"ಬಿಡ್ರಿ ಅಂದ್ನೆಲ್ಲ!"

ಮುನ್ನೂರು ಮೀಟರ್ ಸುರಂಗ, ಆಮೇಲೆ ಕೇಜಿನಲ್ಲಿ ಹನ್ನೊಂದು ನಿಮಿಷ. ಅವಳು ಶಾಫ್ಟಿನ ಬಾಯಿಗೆ ಹೋಗಲಿಲ್ಲ. ಅವಳ ಜಾಗ ಪರದೆಯ ಮುಂದೆ. ಗೆರೆಯ ಮುಳ್ಳುಗಳು ಒಂದಕ್ಕೊಂದು ತಾಗುವಷ್ಟು ದಟ್ಟವಾದವು. ಹನ್ನೊಂದು ಗಂಟೆ ಇಪ್ಪತ್ತೆಂಟಕ್ಕೆ ಹೊರಗೆ ಕೇಜಿನ ಗಂಟೆ ಬಾರಿಸಿತು. ಯಾರೋ "ಆರೂ ಮಂದಿ!" ಎಂದು ಕೂಗಿದರು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಮೇಜಿನ ಮೇಲಿನ ಲೋಟದ ನೀರು ಅಲುಗಿತು. ಕೆಳಗೆ, ಎರಡೂವರೆ ಕಿಲೋಮೀಟರ್ ಕೆಳಗೆ, ಪಶ್ಚಿಮದ ಸುರಂಗ ನಲವತ್ತು ಮೀಟರ್ ಉದ್ದಕ್ಕೆ ಕುಸಿದು ಮುಚ್ಚಿಹೋಯಿತು. ಇಪ್ಪತ್ಮೂರರ ಹೊಚ್ಚ ಹೊಸ ಕಿವಿಯೂ ಅದರ ಜೊತೆಗೇ ಹೋಯಿತು. ಅದು ಬದುಕಿದ್ದದ್ದು ಒಟ್ಟು ಐವತ್ತು ನಿಮಿಷ.

ಮೌನೇಶ ಕಂಟ್ರೋಲ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಮೈಯೆಲ್ಲ ಕೆಸರು. ಕೈಯಲ್ಲಿ ಮಾವನ ಸಲಾಕೆ ಮಾತ್ರ. "ಇದೊಂದು ಬಿಡಲಿಲ್ಲ," ಎಂದ, ತಪ್ಪು ಮಾಡಿದವನ ಹಾಗೆ. ಹುಲಿಗೆಮ್ಮ ಸಲಾಕೆ ಇಸಿದುಕೊಂಡು ಗೋಡೆಗೆ ಆನಿಸಿಟ್ಟು, ಮೇಜಿನ ಮೇಲಿನ ನೀರಿನ ಲೋಟವನ್ನು ಅವನ ಕೈಗೆ ಕೊಟ್ಟಳು.

ಮುಂದಿನ ವಾರ ಹೆಡ್ಡಾಫೀಸಿನಿಂದ ಎರಡು ಕಾಗದ ಬಂದವು. ಒಂದು, ತಿದ್ದುಪಡಿಯನ್ನು 'ಮರುಪರಿಶೀಲನೆಗೆ' ಒಳಪಡಿಸಲಾಗಿದೆ ಎಂದು. ಇನ್ನೊಂದು ಅವಳ ಹೆಸರಿಗೆ: ಅನುಮತಿಯಿಲ್ಲದೆ ಎಣಿಕೆ ಯಂತ್ರಕ್ಕೆ ಹೊರಗಿನ ದೀಪ ಹಿಡಿದದ್ದು ಯಾಕೆ, ಮೂರು ದಿನದೊಳಗೆ ವಿವರಣೆ ಕೊಡಬೇಕು. ಗುಡಿಹಾಳ ಸಾಹೇಬರು ನಾಚಿಕೆಯಿಂದ ಅದನ್ನು ಅವಳ ಕೈಗಿಟ್ಟರು. "ನಾನೂ ನಿಮ್ಮ ಉತ್ತರದ ಕೆಳಗ ಸಹಿ ಹಾಕ್ತೀನಿ," ಎಂದರು.

ಹುಲಿಗೆಮ್ಮ ಎರಡನ್ನೂ ಓದಿದಳು. ಮೊದಲನೆಯ ಕಾಗದದ ತುದಿಯಲ್ಲಿ ಪ್ರತಿಗಳು ಯಾರಿಗೆ ಎಂಬ ಪಟ್ಟಿ ಇತ್ತು. ಬೇರೆ ಬೇರೆ ರಾಜ್ಯಗಳ ಹನ್ನೊಂದು ಗಣಿಗಳು. ಅವಳು ಬೆರಳಿಟ್ಟು ಎಣಿಸಿದಳು. "ಸರ, ಇಷ್ಟೂ ಕಡೆ ಇದ ತಿದ್ದುಪಡಿ ಐತೇನ್ರಿ? ಇನ್ನೂ ನಡದೈತೇನು?"

"ಮರುಪರಿಶೀಲನೆ ಮುಗಿಯೋ ತನಕ... ಹೌದು."

ವಿವರಣೆ ಬರೆಯಲು ಅವಳಿಗೆ ಎರಡು ಸಾಲು ಸಾಕಾಯಿತು. ಉಳಿದ ಮಧ್ಯಾಹ್ನವೆಲ್ಲ ಅವಳು ಬೇರೆ ಪತ್ರ ಬರೆದಳು. ಪ್ರತಿ ಗಣಿಯ ಬೆಳಗಿನ ಪಾಳಿಯ ಆಪರೇಟರಿಗೆ, ಹೆಸರು ಗೊತ್ತಿಲ್ಲದೆಯೇ. ಹಸಿ ಎಣಿಕೆ ಎಲ್ಲಿ ಸಿಗುತ್ತದೆ, ಸರಿ ಎಷ್ಟು ಬೆಸ ಎಷ್ಟು ಹೇಗೆ ನೋಡಬೇಕು, ಒಂದು ಬಲ್ಬು ಮತ್ತು ಕಪ್ಪು ಕಾಗದದಿಂದ ಹೇಗೆ ಪರೀಕ್ಷೆ ಮಾಡಬೇಕು. ಕನ್ನಡದಲ್ಲಿ ಬರೆದದ್ದನ್ನು ಖಾಜಾ ಸಾಹೇಬರು ಹಿಂದಿಗೂ ತೆಲುಗಿಗೂ ತಿರುಗಿಸಿದರು. ಕೊನೆಯಲ್ಲಿ ಅವಳ ಫೋನ್ ನಂಬರು.

ಪತ್ರಗಳು ಹೋದ ಮೇಲೆ ನಾಲ್ಕು ದಿನ ಯಾರೂ ಫೋನು ಮಾಡಲಿಲ್ಲ. ಐದನೆಯ ದಿನ ಬೆಳಿಗ್ಗೆ ಐದೂ ಮುಕ್ಕಾಲಿಗೆ, ಅವಳು ಕೇಳಿಕೆ ಪುಸ್ತಕ ತೆರೆಯುತ್ತಿದ್ದಾಗ ಫೋನು ಬಂತು. ಗಡಿಯಾಚೆಯ ಗಣಿ. ತೆಲುಗು ಬೆರೆತ ಕನ್ನಡ, ಸಣ್ಣ ವಯಸ್ಸಿನ ದನಿ, ಹಿಂದೆ ಕೇಜಿನ ಗಂಟೆ ಕೇಳುತ್ತಿತ್ತು.

"ಹುಲಿಗೆಮ್ಮಕ್ಕನಾ? ನೀವು ಬರೆದಂಗೆ ಎಣಿಸಿದೆ ಅಕ್ಕಾ. ಮೂರು ಸಲ ಎಣಿಸಿದೆ. ಎಂಟನೇ ಲೆವೆಲ್ಲಲ್ಲಿ ಬೆಸಕ್ಕಿಂತ ಸರಿನೇ ಜಾಸ್ತಿ ಬೀಳ್ತಾ ಐತೆ. ಪರದೆ ಮೇಲೆ ನೀಲಿನೇ ಐತೆ, ಎಣಿಸಿದ್ರೆ ಪ್ಲಸ್ಸು. ಹೊರಗೆ ಎಪ್ಪತ್ತು ಜನ ನಿಂತವ್ರೆ. ನಾನೇನ್ ಮಾಡ್ಲಿ?"

"ನಿನ್ನ ಹೆಸರೇನವ್ವಾ?"

"ಸುಗುಣ."

"ಸುಗುಣಾ, ಸಹಿ ಮಾಡಬ್ಯಾಡ," ಎಂದಳು ಹುಲಿಗೆಮ್ಮ. ಪೆನ್ನು ಕೆಳಗಿಟ್ಟು ಕುರ್ಚಿ ಎಳೆದುಕೊಂಡಳು. "ಪುಸ್ತಕ ಮುಚ್ಚಿ ಕೈಯಾಗ ಹಿಡ್ಕೊ. ನಾ ಫೋನ್ ಇಡಂಗಿಲ್ಲ. ನಿಮ್ಮ ಸಾಹೇಬ್ರನ್ನ ಕರಿ."